ಅವ್ವನ ಬಿಗಿದ ಮುಷ್ಟಿಗೆ ಗಾಳಿ ಗ್ಲೌಸ್ ಹಾಕುವ ಬಗೆ

ನಾನು ಕಲಬುರಗಿಯಲ್ಲಿ ಟೇಲರ್. ಸೂಪರ್ ಮಾರ್ಕೆಟ್ ಹತ್ತಿರ ಸಣ್ಣ ಅಂಗಡಿ. ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆದು ಬಲಗೈ ಮುಷ್ಟಿ ಕಟ್ಟಿಕೊಂಡಿತು. ರೋಬೋಟ್ ಗ್ಲೌಸ್ ಹಾಕಿ ನೋಡೋಣ ಅಂತ ಫಿಸಿಯೋಥೆರಪಿ ಮೇಡಂ ಹೇಳಿದರು. ಹೆಸರು ದೊಡ್ಡದು, ವಸ್ತು ಸರಳ. ಪ್ರತಿ ಬೆರಳಿನ ಬೆನ್ನ ಮೇಲೆ ನೆರಿಗೆ ನೆರಿಗೆಯಾದ ಒಂದು ಕೊಳವೆ, ಪಕ್ಕದಲ್ಲಿ ಪುಟ್ಟ ಪಂಪು. ಗಾಳಿ ತುಂಬಿದರೆ ಬೆರಳು ಮಡಚುತ್ತವೆ, ಗಾಳಿ ಎಳೆದುಕೊಂಡರೆ ಬಿಚ್ಚುತ್ತವೆ.

ತರಿಸುವಾಗ ಎಡವೋ ಬಲವೋ ನೋಡಿ. ನಮಗೆ ಮೊದಲು ಎಡಗೈಯದ್ದು ಬಂತು, ಬದಲಾಯಿಸುವಷ್ಟರಲ್ಲಿ 15 ದಿನ ಹೋಯಿತು. ಅಳತೆಗೆ ಒಳ್ಳೆಯ ಕೈಯನ್ನು ಹಾಳೆ ಮೇಲೆ ಇಟ್ಟು ಪೆನ್ಸಿಲ್ ಸುತ್ತಿಸಿ. ಕೈ ಬಾತಿದ್ದರೆ, ಗಾಯ ಇದ್ದರೆ, ನಾವು ಮೆಲ್ಲಗೆ ಬಿಡಿಸಿದರೂ ಬೆರಳು ಬಿಚ್ಚದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಕಷ್ಟ ಇರುವುದು ಹಾಕುವುದರಲ್ಲೇ. ಬೆರಳ ತುದಿ ಹಿಡಿದು ಎಳೆಯಲೇಬೇಡಿ. ಜೋರಾಗಿ ಎಳೆದಷ್ಟೂ ಮುಷ್ಟಿ ಬಿಗಿಯುತ್ತದೆ. ಅವ್ವನ ಮೊಣಕೈಯನ್ನು ದಿಂಬಿನ ಮೇಲೆ ಇಡುತ್ತೇನೆ. ಮಣಿಕಟ್ಟನ್ನು ಅಂಗೈ ಕಡೆಗೆ ನಿಧಾನ ಬಾಗಿಸುತ್ತೇನೆ. ಬೆರಳು ಮಡಚುವ ಹುರಿಗಳು ಮಣಿಕಟ್ಟು ದಾಟಿಯೇ ಬರುತ್ತವೆ ನೋಡಿ, ಇಲ್ಲಿ ಬಾಗಿದರೆ ಅಲ್ಲಿ ಸಡಿಲ. ಪೈಜಾಮದ ಲಾಡಿ ಸಡಿಲ ಬಿಟ್ಟ ಹಾಗೆ. ಆಮೇಲೆ ಹೆಬ್ಬೆರಳನ್ನು ಅದರ ಬುಡದ ದಪ್ಪ ಭಾಗದಲ್ಲಿ ಹಿಡಿದು ಹೊರಗೆ ತರುತ್ತೇನೆ. ಅರ್ಧ ನಿಮಿಷ ಹಾಗೇ ಹಿಡಿದರೆ ಉಳಿದ ನಾಲ್ಕು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಗ್ಲೌಸಿನ ಪಟ್ಟಿ ಎಲ್ಲ ಮೊದಲೇ ಬಿಚ್ಚಿಡಿ. ಪ್ರತಿ ಬೆರಳೂ ತುದಿಯವರೆಗೆ ಹೋಯಿತಾ ಅಂತ ಮುಟ್ಟಿ ನೋಡಿ. ಕೊನೆಗೆ ವೆಲ್ಕ್ರೋ, ಕೆಳಗೆ ನಿಮ್ಮ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ. ಮೊದಲ ದಿನ ನಾನು ಬ್ಲೌಸ್ ಫಿಟಿಂಗ್ ಮಾಡಿದವನ ಹಾಗೆ ಬಿಗಿದುಬಿಟ್ಟೆ. ಸ್ವಲ್ಪ ಹೊತ್ತಿಗೆ ಉಗುರು ನೀಲಿ. ಅವ್ವನಿಗೆ ಆ ಕೈಯಲ್ಲಿ ಸ್ಪರ್ಶವೇ ಸರಿಯಾಗಿ ತಿಳಿಯಲ್ಲ, ಹಾಗಾಗಿ ನೋವು ಅಂತ ಹೇಳಲೂ ಇಲ್ಲ. ಅವರು ಹೇಳಲಿ ಅಂತ ಕಾಯಬೇಡಿ, ಉಗುರು ನೋಡುತ್ತಿರಿ. ತೆಗೆದ ಮೇಲೆ ಚರ್ಮದ ಮೇಲಿನ ಕೆಂಪು 20 ನಿಮಿಷದಲ್ಲಿ ಹೋಗದಿದ್ದರೆ ಫಿಟಿಂಗ್ ತಪ್ಪಾಗಿದೆ ಅಂತಲೇ ಲೆಕ್ಕ.

ನಮ್ಮ ಊರಿನ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಒಳಗೆ ಬೆವರು. ಹಳೇ ಧೋತರದ ಬಟ್ಟೆಯಲ್ಲಿ ತೆಳು ಕೈಗವಸು ಹೊಲಿದು ಮೊದಲು ಅದನ್ನು ಹಾಕುತ್ತೇನೆ. ಹೊಲಿಗೆ ಅಂಚು ಹೊರಗೆ ಬರಲಿ, ಇಲ್ಲದಿದ್ದರೆ ಚರ್ಮಕ್ಕೆ ಒತ್ತುತ್ತದೆ.

ಇನ್ನು ಅಭ್ಯಾಸ. ಯಂತ್ರ ಹಚ್ಚಿ ಸೀರಿಯಲ್ ನೋಡುತ್ತ ಕೂತರೆ ಜಾಸ್ತಿ ಲಾಭ ಇಲ್ಲ, ಬೆರಳಿಗೆ ಸುಮ್ನೆ ಸವಾರಿ ಅಷ್ಟೇ. ಪೆಟ್ಟಾಗಿರುವುದು ಮಿದುಳಿಗೆ. ಕೈ ನೋಡುತ್ತ ತಾನೂ ಪ್ರಯತ್ನ ಮಾಡಬೇಕು. "ಹಿಡಿ ಅವ್ವ" ಅನ್ನುತ್ತೇನೆ, ಅವಳು ಹಿಡಿಯಲು ಶುರುಮಾಡಿದ ಮೇಲೆ ಗಾಳಿ ತುಂಬಿಸುತ್ತೇನೆ. "ಬಿಡು" ಅಂದಾಗಲೂ ಹಾಗೇ, ಆಗ ಗಾಳಿ ಎಳೆಸುತ್ತೇನೆ. ಒಳ್ಳೆಯ ಕೈಗೆ ಅದರ ಅಲುಗಾಟ ಗುರುತಿಸುವ ಸೆನ್ಸರ್ ಗ್ಲೌಸ್ ಹಾಕಿದರೆ ಆ ಕೈ ಮಾಡಿದ್ದನ್ನೇ ಈ ಕೈ ಮಾಡುವ ಕನ್ನಡಿ ಮೋಡ್ ಕೂಡ ಇದೆ. ಮೇಡಂ ನಮಗೆ ದಿನಕ್ಕೆ ಎರಡು ಸಲ 15 ನಿಮಿಷ ಹೇಳಿದ್ದಾರೆ. ನಿಮ್ಮ ಫಿಸಿಯೋಥೆರಪಿಯವರು ಹೇಳಿದಷ್ಟು ಮಾಡಿ. ಖಾಲಿ ಸ್ಟೀಲ್ ಲೋಟ ಹಿಡಿಸಿ, ಟವೆಲ್ ಹಿಡಿಸಿ. ಅಷ್ಟು ಹೊತ್ತೂ ತೋಳು ಜೋತು ಬೀಳಬಾರದು, ಭುಜದ ಕೀಲು ಜಾರಬಹುದು.

ರೊಟ್ಟಿ ಹಿಟ್ಟು ಹಿಡಿಸುವುದು ಮಾತ್ರ ಗ್ಲೌಸ್ ತೆಗೆದ ಮೇಲೆಯೇ. ಕೊಳವೆ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿದರೆ ತೆಗೆಯುವ ಹೊತ್ತಿಗೆ ಸಾಕುಬೇಕಾಗುತ್ತದೆ. ಗ್ಲೌಸ್ ಬಿಚ್ಚಿದ ಕೂಡಲೇ ಕೈ ಸ್ವಲ್ಪ ಹೊತ್ತು ಸಡಿಲ ಇರುತ್ತದೆ, ಆಗ ಒಂದು ಉಂಡೆ ಕೊಡುತ್ತೇನೆ. ಅವ್ವ ಬಲಗೈ ಮೇಲೆ ಎಡಗೈ ಇಟ್ಟು ಒತ್ತಿ ಒತ್ತಿ ಬಡಿಯುತ್ತಾಳೆ. ರೊಟ್ಟಿ ಒಂದು ಕಡೆ ದಪ್ಪ ಬರುತ್ತದೆ. ಅದನ್ನು ನಾನು ತಿನ್ನುತ್ತೇನೆ.