ಹಳೇ ಎಂಜಿಬಿಯ ಬ್ರೇಕ್: ಪ್ಯಾಡ್ ಆಮೇಲೆ, ಮೊದಲು ರಬ್ಬರ್ ನೋಡಿ

ಹೋದ ಬೇಸಿಗೆಯ ಒಂದು ಭಾನುವಾರ ಬ್ರೇಕ್ ಮುಟ್ಟದಿದ್ದರೂ ಕಾರು ಬಲಕ್ಕೆ ಎಳೆಯತೊಡಗಿತು. ಮನೆಗೆ ಬಂದು ಮುಂದಿನ ಬಲ ಚಕ್ರದ ಹತ್ತಿರ ಕೈ ಒಯ್ದೆ. ದೋಸೆ ಕಾವಲಿಯ ಹಾಗೆ ಕಾದಿತ್ತು. ಎಡಗಡೆಯದು ತಣ್ಣಗಿತ್ತು. ಪ್ಯಾಡ್ ಸಿಕ್ಕಿಕೊಂಡಿರಬೇಕು ಅಂದುಕೊಂಡು ಹೊಸ ಪ್ಯಾಡ್ ತರಿಸಿ ಹಾಕಿದೆ. ಮುಂದಿನ ಭಾನುವಾರ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಕಾಯಿಲೆ ಇದ್ದದ್ದು ಚಕ್ರಕ್ಕೆ ಬ್ರೇಕ್ ಫ್ಲೂಯಿಡ್ ಒಯ್ಯುವ ಗೇಣುದ್ದದ ಒಂದು ರಬ್ಬರ್ ಹೋಸಿನಲ್ಲಿ.

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಕಾರು 1971ರ ಎಂಜಿಬಿ ರೋಡ್‌ಸ್ಟರ್, ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ. ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾಡೆಲ್ ಐದು ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಈಗ ಬೆಂಗಳೂರಿನಲ್ಲಿ ಓಡಾಡುವ ಹೆಕ್ಟರ್ ಕಾರಿನ ಮೇಲೂ ಅದೇ ಎಂಜಿ ಬಿಲ್ಲೆ ಇದೆ, ಆದರೆ ಹೆಸರು ಬಿಟ್ಟರೆ ಬೇರೆ ನೆಂಟಸ್ತಿಕೆ ಇಲ್ಲ. ನಿಜವಾದ ನೆಂಟ ಅಂಬಾಸಿಡರ್. ಅದರ 1489 ಸಿಸಿ ಪೆಟ್ರೋಲ್ ಎಂಜಿನ್, ಇದರ 1798 ಸಿಸಿ ಎಂಜಿನ್, ಎರಡೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಮನೆತನದವು. ಅಂಬಾಸಿಡರ್ ಬಿಚ್ಚಿ ಜೋಡಿಸಿದ ನಮ್ಮೂರ ಯಾವ ಮೇಸ್ತ್ರಿಗಾದರೂ ಇದರ ಬಾನೆಟ್ ಎತ್ತಿ ತೋರಿಸಿ, ಗುರುತು ಹಿಡಿಯುತ್ತಾರೆ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, 40 ವರ್ಷ ದಾಟಿದ ಮತ್ತು ಹೆಚ್ಚು ಮಾರ್ಪಾಡು ಮಾಡದ ಕಾರುಗಳಿಗೆ ಎಂಓಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಹಾಗಂತ ಕೆಟ್ಟ ಬ್ರೇಕ್ ಇಟ್ಟುಕೊಂಡು ರಸ್ತೆಗಿಳಿಯುವ ಹಾಗಿಲ್ಲ, ಹೊಣೆ ಮಾಲೀಕನದೇ. ಅಂದರೆ ವರ್ಷಕ್ಕೊಮ್ಮೆ ಇನ್ನೊಬ್ಬರು ನೋಡುತ್ತಿದ್ದದ್ದನ್ನು ಈಗ ನಾವೇ ನೋಡಬೇಕು. ಅದಕ್ಕೇ ಈ ಬರಹ.

ಮೊದಲು ಪೆಡಲ್ ಕೇಳಿ

ಸ್ಪ್ಯಾನರ್ ಮುಟ್ಟುವ ಮೊದಲು ಸೀಟಿನಲ್ಲಿ ಕೂತು ಪೆಡಲ್ ಒತ್ತಿ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ಒತ್ತಿದ ಮೇಲೆ ಎತ್ತರಕ್ಕೆ ಬಂದು ಗಟ್ಟಿಯಾದರೆ ಹೆಚ್ಚಾಗಿ ಹಿಂದಿನ ಡ್ರಮ್ಮಿನ ಅಡ್ಜಸ್ಟ್‌ಮೆಂಟ್ ಸಡಿಲ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ, ಪೆಡಲಿನ ಒತ್ತನ್ನು ಫ್ಲೂಯಿಡಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಮೇಲೆ ಅನುಮಾನಪಡಿ.

ನನ್ನ ಕಾರಿನ ಕಾಲದ ಬ್ರಿಟಿಷ್ ಎಂಜಿಬಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಎಲ್ಲಿ ಒಂದು ಕಡೆ ಒಡೆದರೂ ಪೆಡಲ್ ಪೂರ್ತಿ ಖಾಲಿ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಇದನ್ನು ಸ್ವಲ್ಪ ನೆನಪಿಟ್ಟುಕೊಂಡೇ ಕೆಲಸ ಶುರು ಮಾಡಿ.

ಕಾರು ಎತ್ತುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಆಕ್ಸಲ್ ಸ್ಟ್ಯಾಂಡ್. ಸೈಜುಗಲ್ಲು ಪೇರಿಸಿ ಕೆಳಗೆ ನುಗ್ಗುವವರನ್ನು ಊರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಕಲ್ಲು ಜಾರುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ದಯವಿಟ್ಟು ಬೇಡ.

ಕಡ್ಡಿ ಚಕ್ರದ ಎಂಜಿಬಿಗೆ ನಡುವೆ ಒಂದೇ ದೊಡ್ಡ ನಟ್. ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಚ್ಚಬೇಕು. ಎಡಗಡೆ ಮಾಮೂಲಿ ಹಾಗೆ ಬಿಚ್ಚುತ್ತದೆ, ಬಲಗಡೆ ಉಲ್ಟಾ: ಗಡಿಯಾರದ ಮುಳ್ಳಿನ ದಿಕ್ಕಿಗೆ ಹೊಡೆದರೆ ಸಡಿಲವಾಗುತ್ತದೆ. ಓಡುವಾಗ ತಾನಾಗಿ ಬಿಗಿಯಾಗಲಿ ಅಂತ ಹೀಗೆ ಮಾಡಿದ್ದಾರೆ. ಕೋಪದಲ್ಲಿ ತಪ್ಪು ದಿಕ್ಕಿಗೆ ಹೊಡೆದವರಲ್ಲಿ ನಾನೂ ಒಬ್ಬ.

ಹೋಸೋ, ಕ್ಯಾಲಿಪರೋ?

ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡುಗಳನ್ನು ಒತ್ತುವ ಹಿಡಿಕೆಯೇ ಕ್ಯಾಲಿಪರ್. ಈ ಪರೀಕ್ಷೆ ಮೊದಲೇ ಗೊತ್ತಿದ್ದಿದ್ದರೆ ಪ್ಯಾಡಿನ ದುಡ್ಡು ಉಳಿಯುತ್ತಿತ್ತು. ಚಕ್ರ ಎತ್ತಿ, ಬ್ರೇಕ್ ಒಮ್ಮೆ ಜೋರಾಗಿ ಒತ್ತಿ ಬಿಡಿ. ಚಕ್ರವನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದೆಯಾ? ಹಾಗಾದರೆ ಗಾಳಿ, ಫ್ಲೂಯಿಡ್ ಹೊರಬಿಡುವ ಚಿಕ್ಕ ತಿರುಪಾದ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಕಾಲು ಸುತ್ತು ಸಡಿಲಿಸಿ. ಪುಚಕ್ ಅಂತ ಫ್ಲೂಯಿಡ್ ಹಾರಿ ಚಕ್ರ ಹಗುರವಾದರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು ಅಂತ ಅರ್ಥ. ಒಂದೇ ಚಕ್ರದಲ್ಲಿ ಹೀಗಾದರೆ ಆ ಚಕ್ರದ ಹೋಸ್ ಹಿಡಿಯಿರಿ. ನಾಲ್ಕರಲ್ಲೂ ಆದರೆ ಮಾಸ್ಟರ್ ಸಿಲಿಂಡರ್ ನೋಡಿ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗೇ ಇದ್ದರೆ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಕೂತಿದೆ.

ನನ್ನದು ಹೋಸ್. ಹೊರಗಿನಿಂದ ನೋಡಿದರೆ ಒಂದು ಬಿರುಕೂ ಇರಲಿಲ್ಲ. ಬಿಚ್ಚಿದ ಮೇಲೆ ಹಾಳಾದರೆ ಹಾಳಾಗಲಿ ಅಂತ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೋಡೆ ಊದಿಕೊಂಡು ತೂತು ಮುಚ್ಚಿಹೋಗುವುದರಲ್ಲಿತ್ತು. ಗೋಣಿಚೀಲ ಹೊಲಿಯುವ ದಬ್ಬಳ ಬಿಡಿ, ಅಂಗಿ ಗುಂಡಿ ಹಾಕುವ ಸೂಜಿಯೂ ಕಷ್ಟದಲ್ಲಿ ತೂರಿತು. ಕಾಲಿನ ಬಲಕ್ಕೆ ಫ್ಲೂಯಿಡ್ ಆ ಕಡೆ ಹೋಗುತ್ತಿತ್ತು. ವಾಪಸ್ ಬರಲು ತಳ್ಳುವವರು ಯಾರೂ ಇಲ್ಲ. ಡಿಸ್ಕ್ ಬ್ರೇಕಿನಲ್ಲಿ ಡ್ರಮ್ಮಿನ ಹಾಗೆ ಎಳೆದು ತರುವ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ ಒತ್ತಿದಾಗ ಬಾಗಿ, ಬಿಟ್ಟಾಗ ನೆಟ್ಟಗಾಗಿ, ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ಮುಚ್ಚಿಹೋದ ಹೋಸಿನ ಎದುರು ಆ ಎಳೆತ ಸಾಲದು.

ಹಾಗಾಗಿ ಹೊಸದಾಗಿ ಹಳೇ ಕಾರು ಕೊಂಡವರಿಗೆ ನನ್ನ ಮಾತು ಒಂದೇ. ಹೋಸುಗಳ ವಯಸ್ಸು ಗೊತ್ತಿಲ್ಲದಿದ್ದರೆ ಮೂರನ್ನೂ ಬದಲಾಯಿಸಿ. ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು. ಮುಚ್ಚಿಟ್ಟು ವರ್ಷಕ್ಕೆ ನಾಲ್ಕು ಸಲ ಓಡಿಸುವ ಕಾರಿನಲ್ಲಿ ಪ್ಯಾಡ್ ಸವೆಯುವುದೇ ಇಲ್ಲ. ರಬ್ಬರ್ ಮಾತ್ರ ನಿಂತಲ್ಲೇ ಮುದಿಯಾಗುತ್ತದೆ.

ಹೋಸ್ ಬದಲಿಸುವ ಕ್ರಮ

ಮಾಸ್ಟರ್ ಸಿಲಿಂಡರಿನ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆಗೆದು, ಬಾಯಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಮತ್ತೆ ಮುಚ್ಚಿ. ಗಾಳಿ ಒಳಗೆ ಹೋಗದ ಕಾರಣ ಸೋರುವುದು ಕಡಿಮೆಯಾಗುತ್ತದೆ. ಕೊನೆಗೆ ಅದನ್ನು ತೆಗೆಯಲು ಮರೆಯಬೇಡಿ.

ಹಿಂದಿನ ಸಂಜೆಯೇ ನಟ್ಟುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಮೊದಲು ಲೋಹದ ಪೈಪಿನ ನಟ್ ಬಿಚ್ಚಬೇಕು. ಅದಕ್ಕೆ ಬಾಯಿ ಸ್ವಲ್ಪವೇ ತೆರೆದಿರುವ ಫ್ಲೇರ್ ಸ್ಪ್ಯಾನರ್ ಬೇಕು, ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಇನ್ನೊಂದು ಸ್ಪ್ಯಾನರಿನಿಂದ ಹೋಸಿನ ತಲೆ ಅಲುಗದಂತೆ ಹಿಡಿಯಿರಿ. ಆಮೇಲೆ ಬ್ರಾಕೆಟ್ಟಿನ ಲಾಕ್‌ನಟ್. ಕೊನೆಗೆ ಹೋಸನ್ನೇ ತಿರುಗಿಸಿ ಕ್ಯಾಲಿಪರಿನಿಂದ ಬಿಡಿಸಿ. ಕ್ರಮ ತಪ್ಪಿದರೆ ಲೋಹದ ಪೈಪ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ.

ತಿರುಚಿದರೆ, ಅಥವಾ ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಎರಚುವ ಉಪ್ಪಿಗೆ ಪೈಪ್ ತುಕ್ಕು ತಿಂದಿದ್ದರೆ, ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್ ಹಾಕಿ. ತುಕ್ಕಿನ ಚಿಂತೆ ಇಲ್ಲ, ಕೈಯಲ್ಲೇ ಬಗ್ಗುತ್ತದೆ. ಎಂಜಿಬಿಯದು ಇಂಚಿನ ಲೆಕ್ಕದ ಮರೆ, ಅಂದರೆ ನಟ್ಟಿನ ಥ್ರೆಡ್. ಮಿಲಿಮೀಟರ್ ಲೆಕ್ಕದ ನಟ್ ಎರಡು ಸುತ್ತು ಹಿಡಿದ ಹಾಗೆ ಅನಿಸುತ್ತದೆ, ಆಮೇಲೆ ಮರೆ ಕಿತ್ತುಹೋಗುತ್ತದೆ.

ಹೊಸ ಹೋಸಿಗೆ ಹೊಸ ತಾಮ್ರದ ವಾಷರ್. ಬಿಗಿ ಮಾಡಿದ ಮೇಲೆ ಹೋಸ್ ನುಲಿದಿರಬಾರದು. ಸ್ಟೀರಿಂಗ್ ಆ ತುದಿಯಿಂದ ಈ ತುದಿವರೆಗೆ ತಿರುಗಿಸಿ, ಟೈರಿಗೆ ತಾಗುತ್ತಾ ನೋಡಿ.

ಪ್ಯಾಡ್ ಮತ್ತು ಕ್ಯಾಲಿಪರ್

ಪ್ಯಾಡ್ ಬದಲಾಯಿಸುವುದು ಇಡೀ ಕೆಲಸದಲ್ಲಿ ಸಲೀಸಾದದ್ದು. ಎರಡು ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಎಳೆದರೆ ಪ್ಯಾಡ್ ಹೊರಗೆ ಬರುತ್ತವೆ. ಹಾಕುವಾಗ ಪಿನ್ ಹೊಸದು ಹಾಕಿ. ಹಳೇ ಪ್ಯಾಡಿನಲ್ಲಿ 3 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ನಾನು ತೆಗೆದುಬಿಡುತ್ತೇನೆ, ಎಡಬಲ ಎರಡೂ ಕಡೆ ಒಟ್ಟಿಗೆ. ಪಿಸ್ಟನ್ ಒಳಕ್ಕೆ ತಳ್ಳುವಾಗ ನಿಪ್ಪಲ್ ಸಡಿಲಿಸಿ. ಕ್ಯಾಲಿಪರಿನಲ್ಲಿ ಕೂತಿರುವ ಕೊಳೆ ಹೊರಗೆ ಹೋಗಲಿ, ಮೇಲಕ್ಕೆ ಮಾಸ್ಟರ್ ಸಿಲಿಂಡರಿಗೆ ಬೇಡ.

ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಉಪ್ಪುಕಾಗದ ತಿಕ್ಕಿ ಸರಿಮಾಡುವ ಆಸೆ ಬೇಡ. ಆ ಗುಳಿಯೇ ಹೊಸ ಸೀಲನ್ನು ಕತ್ತರಿಸುತ್ತದೆ. ಇಲ್ಲಿ ಹಳೇ ಕ್ಯಾಲಿಪರ್ ಕೊಟ್ಟು ರಿಪೇರಿಯಾದ ಜೋಡಿ ತರುವ ಪದ್ಧತಿ ಇದೆ, ನಾನು ಅದನ್ನೇ ಮಾಡುತ್ತೇನೆ. ಎಂಜಿಬಿಗೆ ಬಿಡಿಭಾಗದ ಬರ ಇಲ್ಲ. 1988ರಿಂದ ಇಡೀ ಹೊಸ ಬಾಡಿಯೇ ತಯಾರಾಗಿ ಸಿಗತೊಡಗಿದ ಕಾರು ಇದು. ಕ್ಯಾಲಿಪರ್ ಬೋಲ್ಟ್ ಮಾತ್ರ ಅಂದಾಜಿಗೆ ಬಿಗಿ ಮಾಡಬೇಡಿ, ಕೈಪಿಡಿ ನೋಡಿ, ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕಿ.

ಹಿಂದಿನ ಡ್ರಮ್

ಮುಂದೆ 10.75 ಇಂಚಿನ ಡಿಸ್ಕ್, ಹಿಂದೆ 10 ಇಂಚಿನ ಡ್ರಮ್. ಡ್ರಮ್ ಬರದಿದ್ದರೆ ಬಡಿಯಬೇಡಿ. ಹಿಂದಿನ ತಟ್ಟೆಯಲ್ಲಿರುವ ಚೌಕ ತಲೆಯ ಅಡ್ಜಸ್ಟರ್ ಸಡಿಲಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ. ಡ್ರಮ್ಮಿನ ಅಂಚಿನಲ್ಲಿ ಸವೆಯದೆ ಉಳಿದ ಉಬ್ಬಿಗೆ ಶೂ (ಒಳಗಿನಿಂದ ಡ್ರಮ್ಮಿಗೆ ಒತ್ತುವ ಕಮಾನಿನಾಕಾರದ ತುಂಡು) ಸಿಕ್ಕಿಕೊಂಡಿರುತ್ತದೆ.

ಒಳಗಿನ ಕಪ್ಪು ಪುಡಿಯನ್ನು ಊದಬೇಡಿ, ಏರ್ ಹೊಡೆಯಬೇಡಿ. ಶೂ ಮೇಲೆ ಅಂಟಿಸಿದ ಹಳೇ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ನಿಮ್ಮ ಶೂ ಯಾವ ಕಾಲದ್ದೋ ಯಾರಿಗೆ ಗೊತ್ತು? ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೋಪಿ ಮೆಲ್ಲಗೆ ಬಿಡಿಸಿ ನೋಡಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಹೋಯಿತು. ಬರೀ ಸೀಲಿನ ಕಿಟ್ ಹಾಕುವ ಬದಲು ಇಡೀ ಸಿಲಿಂಡರ್ ಹಾಕುವುದು ವಾಸಿ, ಬೆಲೆ ಹೆಚ್ಚಿಲ್ಲ. ತಲೆನೋವೆಲ್ಲ ಅದನ್ನು ಹಿಡಿದಿಡುವ ಚಿಕ್ಕ ಕ್ಲಿಪ್ಪಿನದು. ಸಿಲಿಂಡರನ್ನು ಡ್ರಮ್ ಕಡೆಯಿಂದ ಒತ್ತಿ ಹಿಡಿದು, ಹಿಂದಿನಿಂದ ಕ್ಲಿಪ್ಪನ್ನು ಸಿಲಿಂಡರಿನ ಕಚ್ಚಿಗೆ ಸರಿಯಾಗಿ ಕೂರಿಸಬೇಕು. ಮೂರು ಕೈ ಬೇಕಾದ ಕೆಲಸ. ಮೊದಲನೆಯದು ಟಣ್ ಅಂತ ಹಾರಿ ಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಎರಡು ಜಾಸ್ತಿ ತರಿಸಿಟ್ಟುಕೊಳ್ಳಿ.

ಶೂ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗಿ, ಬಿಚ್ಚದ ಕಡೆ ಮಾದರಿಗೆ ಇರಲಿ. ಫ್ಲೂಯಿಡ್ ಅಥವಾ ಆಕ್ಸಲ್ ಎಣ್ಣೆ ಕುಡಿದ ಲೈನರ್ ತೊಳೆದರೂ ಸರಿಹೋಗುವುದಿಲ್ಲ. ಎಸೆಯಿರಿ, ಸೋರುವ ಸೀಲನ್ನೂ ಅದೇ ದಿನ ಬದಲಾಯಿಸಿ.

ಡ್ರಮ್ ಹಾಕಿದ ಮೇಲೆ ಅಡ್ಜಸ್ಟರನ್ನು ಚಕ್ರ ಲಾಕ್ ಆಗುವವರೆಗೆ ಬಿಗಿ ಮಾಡಿ. ಪೆಡಲ್ ಒಮ್ಮೆ ಒತ್ತಿ ಬಿಡಿ, ಶೂ ನಡುವೆ ಕೂರುತ್ತವೆ. ಮತ್ತೆ ಬಿಗಿ ಮಾಡಿ, ಚಕ್ರ ಸರಾಗ ತಿರುಗುವಷ್ಟು ಹಿಂದಕ್ಕೆ ಬಿಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಇದಾದ ಮೇಲೆ. ಮೊದಲೇ ಕೇಬಲ್ ಎಳೆದು ಬಿಗಿ ಮಾಡಿದರೆ ಶೂ ಯಾವಾಗಲೂ ಉಜ್ಜುತ್ತಿರುತ್ತದೆ.

ಏರ್ ತೆಗೆಯುವುದು

ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಅನ್ನುತ್ತಾರೆ. ಅದು ಆಯಿಲ್ ಅಲ್ಲ ಅನ್ನುವುದು ಗೊತ್ತಿರಲಿ. ಎಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್ ಒಂದು ಹನಿ ಬಿದ್ದರೂ ಒಳಗಿನ ಸೀಲುಗಳು ಊದಿಕೊಳ್ಳುತ್ತವೆ. ಹೊಸದಾಗಿ ಒಡೆದ ಡಬ್ಬಿಯ ಡಾಟ್ 4 ದರ್ಜೆಯ ಫ್ಲೂಯಿಡ್ ಸಾಕು. ಇದು ಗಾಳಿಯ ತೇವ ಹೀರುತ್ತದೆ. ಹೊಸತರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 155. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಕಾರು ಓಡಿಸಿದರೂ ಓಡಿಸದಿದ್ದರೂ ಎರಡು ವರ್ಷಕ್ಕೊಮ್ಮೆ ಫ್ಲೂಯಿಡ್ ಬದಲಾಯಿಸಿ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಇದರ ಜೊತೆ ಬೆರೆಸಬಾರದು.

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ಬಲಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಪೈಪಿನ ತುದಿ ಸ್ವಲ್ಪ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ನಮ್ಮ ಮನೆಯಲ್ಲಿ ಪೆಡಲ್ ಹೆಂಡತಿಯದು, ನಿಪ್ಪಲ್ ನನ್ನದು.

"ಒತ್ತು. ಹಾಗೇ ಹಿಡಿದಿರು."

"ಹಿಡಿದಿದೀನಿ. ರೀ, ಕೆಳಗೆ ಹೋಗ್ತಾ ಇದೆ!"

"ಹೋಗಲಿ. ನಾನು ಹೇಳೋವರೆಗೆ ಕಾಲು ತೆಗೀಬೇಡ."

ಒತ್ತಿದಾಗ ನಿಪ್ಪಲ್ ಬಿಚ್ಚಬೇಕು, ಪೆಡಲ್ ಮೇಲೆ ಬರುವ ಮೊದಲು ಮುಚ್ಚಬೇಕು. ತಪ್ಪಿದರೆ ಹೊರಗೆ ಹೋದ ಗಾಳಿ ವಾಪಸ್ ಒಳಗೆ. ಗುಳ್ಳೆ ನಿಲ್ಲುವವರೆಗೆ ಹೀಗೇ ನಡೆಯಲಿ. ಐದಾರು ಸಲಕ್ಕೊಮ್ಮೆ ಡಬ್ಬಿ ತುಂಬಿ, ಅದು ಖಾಲಿಯಾದರೆ ಮತ್ತೆ ಮೊದಲಿನಿಂದ. ತುಂಬುವಾಗ ನನ್ನ ಕೈಯಿಂದ ಒಂದಿಷ್ಟು ಮುಂದಿನ ಮಡ್ಗಾರ್ಡಿನ ಮೇಲೆ ಚೆಲ್ಲಿತು. ಆಮೇಲೆ ಒರೆಸಿದರಾಯಿತು ಅಂತ ಬಿಟ್ಟೆ. ಬೆಳಗ್ಗೆ ಅಷ್ಟಗಲ ಬಣ್ಣ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಚೆಲ್ಲಿದರೆ ಆ ಕ್ಷಣವೇ ನೀರು ಸುರಿದು ತೊಳೆಯಿರಿ.

ರಸ್ತೆಗೆ ಇಳಿಯುವ ಮೊದಲು

ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಪೆಡಲ್ ಹಲವು ಸಲ ಒತ್ತಿ. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತು ಯಾವಾಗಲೂ ಖಾಲಿ ಹೋಗುತ್ತದೆ. ಅದು ಮನೆಯಂಗಳದಲ್ಲೇ ಹೋಗಲಿ. ಗಟ್ಟಿಯಾದ ಮೇಲೆ ಒಂದು ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ, ಬೇರೆ ಯಾರಾದರೂ ಕೆಳಗೆ ಬಗ್ಗಿ ಒಂದೊಂದು ಜೋಡಣೆಯನ್ನೂ ಟಾರ್ಚ್ ಹಾಕಿ ನೋಡಲಿ.

ಮೊದಲು ನಡಿಗೆಯ ವೇಗ, ಕೈ ಹ್ಯಾಂಡ್‌ಬ್ರೇಕ್ ಮೇಲೆ. ಸರಿ ಅನಿಸಿದರೆ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ ಎಂಟು ಹತ್ತು ಸಲ ಹದವಾಗಿ ನಿಧಾನಿಸಿ, ನಡುನಡುವೆ ತಣಿಯಲು ಬಿಡಿ. ಮನೆಗೆ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ಎಡಬಲ ಬಿಸಿ ಹೋಲಿಸಿ. ಕಡ್ಡಿ ಚಕ್ರದ ನಟ್ಟುಗಳಿಗೆ ಸುತ್ತಿಗೆಯಿಂದ ಇನ್ನೊಂದೊಂದು ಏಟು ಕೊಡಿ. ಈ ಸಲ ನನ್ನ ಎರಡು ಮುಂದಿನ ಚಕ್ರವೂ ಒಂದೇ ಸಮ ಬೆಚ್ಚಗಿದ್ದವು.

ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಗ್ಗೆ ಕಲೆ ಕಂಡರೆ ಬೆರಳಿಗೆ ಹಚ್ಚಿ ನಲ್ಲಿ ಕೆಳಗೆ ಹಿಡಿಯಿರಿ. ನೀರಿನಲ್ಲಿ ಕರಗಿ ಹೋದರೆ ಬ್ರೇಕ್ ಫ್ಲೂಯಿಡ್, ಕಾರು ಹೊರಗೆ ತೆಗೆಯಬೇಡಿ. ನನ್ನ ರಟ್ಟಿನ ಮೇಲೆ ಎರಡು ಹನಿ ಇದ್ದವು. ನೀರು ಬಿಟ್ಟರೂ ಜಿಡ್ಡು ಬೆರಳಿಗೆ ಅಂಟಿಯೇ ಇತ್ತು. ಎಂಜಿನ್ ಆಯಿಲ್. ಎಂಜಿಬಿ ಇಟ್ಟುಕೊಂಡವರಿಗೆ ಅದು ಸುದ್ದಿಯೇ ಅಲ್ಲ ಬಿಡಿ.