ಹಳೇ ರೆಕಾರ್ಡ್ ಪ್ಲೇಯರ್: ಮೊದಲು ರಿಪೇರಿ, ಆಮೇಲೆ ಖರ್ಚು

ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಪ್ಲೇಯರ್ ಕೊಂಡವರು ಬಹಳಷ್ಟು ಸಲ ಮೊದಲು ಹುಡುಕುವುದು ತಟ್ಟೆಯ ಮೇಲೆ ಹಾಸುವ ದಪ್ಪ ಮ್ಯಾಟ್, ದುಬಾರಿ ಕೇಬಲ್. ಸದ್ಯಕ್ಕೆ ಎರಡೂ ಬೇಡ. ಹಾಡು ಕೆಟ್ಟದಾಗಿ ಕೇಳಿಸಿದರೆ ಮುಳ್ಳು, ಬೆಲ್ಟ್, ಮುಳ್ಳಿನ ಮೇಲೆ ಬೀಳುವ ತೂಕ ಈ ಮೂರನ್ನು ಮೊದಲು ನೋಡಿ.

ಪ್ಲಗ್ ಹಾಕುವ ಮುನ್ನ ಹಿಂಬದಿಯ ಪಟ್ಟಿ ಓದಿ. ಅಲ್ಲಿ ವೋಲ್ಟ್ ಜೊತೆಗೆ ಹರ್ಟ್ಜ್ (ಕರೆಂಟಿನ ಆವರ್ತನ) ಕೂಡ ಇರುತ್ತದೆ. ಹಳೆಯ ಎಸಿ ಸಿಂಕ್ರೊನಸ್ ಮೋಟರ್‌ಗಳ ವೇಗ ನಿಂತಿರುವುದು ಹರ್ಟ್ಜ್ ಮೇಲೆ. 60 ಹರ್ಟ್ಜ್‌ಗೆ ಮಾಡಿದ್ದನ್ನು ನಮ್ಮ 50 ಹರ್ಟ್ಜ್ ಕರೆಂಟಿಗೆ ಹಾಕಿದರೆ ಆರನೇ ಒಂದು ಪಾಲು ನಿಧಾನವಾಗುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನಷ್ಟೇ ಬದಲಿಸುತ್ತದೆ, ಹರ್ಟ್ಜ್ ಅನ್ನಲ್ಲ. ಅಂಥ ಪ್ಲೇಯರಿಗೆ ಬೇರೆ ಅಳತೆಯ ಪುಲ್ಲಿ (ಮೋಟರಿಗೆ ಕೂರಿಸಿದ ಪುಟ್ಟ ಚಕ್ರ) ಬೇಕು.

ಮೋಟರ್ ತಿರುಗಿದರೂ ತಟ್ಟೆ ತಿರುಗುತ್ತಿಲ್ಲವಾ? ಹಾಗಾದರೆ ಬೆಲ್ಟ್ ಹೋಗಿದೆ. ಪ್ಲಗ್ ತೆಗೆದು ತಟ್ಟೆ ಎತ್ತಿ. ಹಳೇ ರಬ್ಬರ್ ಕರಗಿ ಅಂಟಿಕೊಂಡಿದ್ದರೆ, ಪುಲ್ಲಿಯನ್ನೂ ಬೆಲ್ಟ್ ಕೂರುವ ಅಂಚನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಿಮ್ಮ ಮಾಡೆಲಿಗೆ ಹೊಂದುವ ಹೊಸ ಬೆಲ್ಟ್ ಹಾಕಿ. ಮೋಟರೇ ನೇರವಾಗಿ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್ ಆದರೆ ಬೆಲ್ಟೇ ಇರುವುದಿಲ್ಲ. ಅದರಲ್ಲಿ ವೇಗ ಏರುಪೇರಾಗುತ್ತಿದ್ದರೆ ವೇಗ ಹೊಂದಿಸುವ ಗುಂಡಿಯೊಳಗೆ ಕೊಳೆ ಸೇರಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸಾಕಾಗಬಹುದು.

ವೇಗ ನೋಡಲು ಯಾವ ಉಪಕರಣವೂ ಬೇಡ. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ ಸುಮ್ನೆ ಎಣಿಸಿ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು.

ಇನ್ನು ಮುಳ್ಳು. ಅದರ ಆಯಸ್ಸು ಸುಮಾರು 500ರಿಂದ 1000 ಗಂಟೆ. ಹಿಂದಿನ ಮಾಲೀಕರು ಎಷ್ಟು ಬಳಸಿದ್ದಾರೋ ಗೊತ್ತಿಲ್ಲದಿದ್ದರೆ ಮುಗಿದಿದೆ ಎಂದೇ ಲೆಕ್ಕ ಹಾಕಿ. ರೆಕಾರ್ಡಿನ ಒಳಸುತ್ತುಗಳಲ್ಲಿ 'ಸ' ಅಕ್ಷರ ಹರಿದಂತೆ ಕೇಳಿಸುವುದು ಒಂದು ಸುಳಿವು. ಸವೆದ ಮುಳ್ಳು ರೆಕಾರ್ಡನ್ನೂ ಹಾಳು ಮಾಡುತ್ತದೆ, ಆಮೇಲೆ ಅದನ್ನು ಸರಿಮಾಡಲಾಗುವುದಿಲ್ಲ. ಮುಳ್ಳನ್ನು ಹಿಡಿದು ಅದರ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗವೇ ಕಾರ್ಟ್ರಿಡ್ಜ್. ಒಳಗೆ ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗಳಲ್ಲಿ ಸಾಮಾನ್ಯವಾಗಿ ಮುಳ್ಳನ್ನಷ್ಟೇ ಕಳಚಿ ಬದಲಿಸಬಹುದು. ಅದೇ ಕಾರ್ಟ್ರಿಡ್ಜ್‌ಗೆ ಹೊಂದುವ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳು ಸಿಕ್ಕರೆ ತಗೊಳ್ಳಿ. ರಿಪೇರಿ, ಅಪ್‌ಗ್ರೇಡ್ ಎರಡೂ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ. ನಿಮಿಷಕ್ಕೆ 78 ಸುತ್ತಿನ ಹಳೇ ರೆಕಾರ್ಡುಗಳಿಗೆ ಮಾತ್ರ ಬೇರೆ, ಹೆಚ್ಚು ದಪ್ಪದ ಮುಳ್ಳು ಬೇಕು.

ತೂಕ ಹೊಂದಿಸುವ ಕೆಲಸಕ್ಕೆ ತಾಳ್ಮೆ ಬೇಕು. ಆಂಟಿ-ಸ್ಕೇಟ್ (ಮುಳ್ಳು ಒಳಕ್ಕೆ ಎಳೆಯಲ್ಪಡುವುದನ್ನು ತಡೆಯುವ ಹೊಂದಿಕೆ) ಸೊನ್ನೆಗೆ ಇಡಿ. ಮುಳ್ಳು ಹೊತ್ತ ತೋಳು, ಅಂದರೆ ಟೋನ್‌ಆರ್ಮ್, ತಕ್ಕಡಿಯಂತೆ ಗಾಳಿಯಲ್ಲಿ ಸಮವಾಗಿ ನಿಲ್ಲುವವರೆಗೆ ಹಿಂದಿನ ತೂಕದ ಗುಂಡನ್ನು ತಿರುಗಿಸಿ. ಮುಳ್ಳು ಎಲ್ಲೂ ತಾಗದಂತೆ ನೋಡಿಕೊಳ್ಳಿ. ಈಗ ಗುಂಡು ಅಲುಗದಂತೆ ಹಿಡಿದು, ಅಂಕಿಯ ಉಂಗುರವನ್ನಷ್ಟೇ ಸೊನ್ನೆಗೆ ತನ್ನಿ. ಬಳಿಕ ಎರಡನ್ನೂ ಒಟ್ಟಿಗೆ ತಿರುಗಿಸಿ ಕಾರ್ಟ್ರಿಡ್ಜ್ ತಯಾರಕರು ಹೇಳಿದ ತೂಕಕ್ಕೆ ನಿಲ್ಲಿಸಿ. ಮೂವಿಂಗ್ ಮ್ಯಾಗ್ನೆಟ್‌ಗೆ ಅದು ಬಹುತೇಕ 1.5ರಿಂದ 2 ಗ್ರಾಂ. ಆಂಟಿ-ಸ್ಕೇಟ್ ಅನ್ನೂ ಅದೇ ಅಂಕಿಗೆ ಇಡಿ. ತೂಕ ಕಡಿಮೆಯಿದ್ದಷ್ಟೂ ರೆಕಾರ್ಡಿಗೆ ಒಳ್ಳೇದು ಅಂತ ಜಾಸ್ತಿ ಜನ ನಂಬಿದ್ದಾರೆ. ಅದು ತಪ್ಪು. ಹಗುರಾದ ಮುಳ್ಳು ಗೀರಿನೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ. ಮುಳ್ಳು ಹಾರುತ್ತದೆ ಎಂದು ಮೇಲೆ ನಾಣ್ಯ ಇಡುವವರೂ ಇದ್ದಾರೆ, ದಯವಿಟ್ಟು ಬೇಡ.

ಒಂದೇ ಕಡೆ ಸದ್ದು ಬರುತ್ತಿದ್ದರೆ ಆಂಪ್ಲಿಫೈಯರಿಗೆ ಹೋಗುವ ಎಡ-ಬಲ ಪಿನ್‌ಗಳನ್ನು ಅದಲುಬದಲು ಮಾಡಿ. ಮೌನವೂ ಪಕ್ಕದ ಸ್ಪೀಕರಿಗೆ ಹೋದರೆ ದೋಷ ಪ್ಲೇಯರಿನ ಕಡೆ ಇದೆ. ಕಾರ್ಟ್ರಿಡ್ಜ್ ಹಿಂದಿನ ನಾಲ್ಕು ತಂತಿ, ಅದು ಕೂರುವ ಹೆಡ್‌ಶೆಲ್‌ನ ಪಿನ್‌ಗಳನ್ನು ಒರೆಸಿ ನೋಡಿ. ಗುಂಯ್ ಎನ್ನುವ ಸದ್ದಿದ್ದರೆ, ಪ್ಲೇಯರಿನ ಸಪೂರ ಗ್ರೌಂಡ್ ವೈರನ್ನು ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂಗೆ ಬಿಗಿಯಿರಿ.

ಸದ್ದು ಸಣ್ಣಗೆ, ಬೇಸ್ ಇಲ್ಲದೆ ಬರುತ್ತಿದೆಯಾ? ಪ್ಲೇಯರಿನ ವೈರ್ ಆಂಪ್ಲಿಫೈಯರಿನಲ್ಲಿ ರೆಕಾರ್ಡ್ ಪ್ಲೇಯರಿಗೆಂದೇ ಇರುವ ಫೋನೊ ಇನ್‌ಪುಟ್‌ಗೆ ಹೋಗಿಲ್ಲ. ರೆಕಾರ್ಡ್ ಕೊರೆಯುವಾಗಲೇ ಬೇಸ್ ಇಳಿಸಿ, ಕೀಚು ದನಿ ಏರಿಸಿರುತ್ತಾರೆ. 1954ರಿಂದ ಇದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ಇದೆ. ಅದನ್ನು ತಿರುಗಿ ಸಮ ಮಾಡುವುದು ಫೋನೊ ಪ್ರೀಆಂಪ್. ಆಂಪ್ಲಿಫೈಯರಿನಲ್ಲಿ ಅದಿಲ್ಲದಿದ್ದರೆ ಮುಳ್ಳಿನ ನಂತರದ ಖರ್ಚು ಇದೇ ಆಗಿರಲಿ. ಮ್ಯಾಟ್, ಕೇಬಲ್ ಕೊನೆಗೆ, ಅದೂ ಮನಸ್ಸಿದ್ದರೆ. ಅದಕ್ಕೂ ಮೊದಲು ಸ್ಪೀಕರುಗಳನ್ನು ಪ್ಲೇಯರಿನ ಮೇಜಿನಿಂದ ಇಳಿಸಿ. ಇದಕ್ಕೆ ಖರ್ಚಿಲ್ಲ.