ಹಣ ಕಳಿಸುವ ಫಾರ್ಮ್: ನೆನಪಿನ ಹೊರೆ ಇಳಿಸುವುದು ಹೇಗೆ?

ಪಾಸ್‌ಬುಕ್ಕಿನಲ್ಲಿ ನೋಡಿದ ಖಾತೆ ಸಂಖ್ಯೆ ಮೊಬೈಲ್ ಪರದೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಮನಸ್ಸು ಒಮ್ಮೆಗೆ ಏಳು ಸಂಗತಿ ಹಿಡಿದಿಡುತ್ತದೆಂಬ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅವರ 1956ರ ಲೇಖನವನ್ನು ನೆಚ್ಚಿಕೊಂಡು ಆ್ಯಪಿನ ಮೆನುವಿನಲ್ಲಿ ಏಳೇ ಸಾಲಿರಲಿ ಎನ್ನುವವರಿದ್ದಾರೆ. ಮೆನು ಕಣ್ಣೆದುರೇ ಇರುತ್ತದಲ್ಲ, ಅದನ್ನು ನೆನಪಿಡುವುದೇಕೆ? ನೆನಪಿಡಲೇಬೇಕಾದ ಕಡೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಹೇಳಿದ ಮಿತಿ ಇನ್ನೂ ಕಡಿಮೆ, ಸುಮಾರು ನಾಲ್ಕು.

ಹಾಗಾಗಿ ಖಾತೆ ಸಂಖ್ಯೆ ಟೈಪಿಸುತ್ತಿದ್ದಂತೆ ನಾಲ್ಕು ಅಂಕಿಗೊಮ್ಮೆ ತಾನಾಗಿ ಜಾಗ ಬೀಳಲಿ. ಪೆಟ್ಟಿಗೆ ಮಾತ್ರ ಒಂದೇ ಇರಲಿ. ಮೂರ್ನಾಲ್ಕಾಗಿ ಒಡೆದರೆ ಪೇಸ್ಟ್ ಕೆಡುತ್ತದೆ. ಫಾರ್ಮಿನ ಎಚ್‌ಟಿಎಂಎಲ್ ಕೋಡಿನಲ್ಲಿ ಇನ್‌ಪುಟ್ ಟೈಪ್ 'ನಂಬರ್' ಬೇಡ, ಮೊದಲಿನ ಸೊನ್ನೆ ಹಾರಿಹೋಗಬಹುದು. 'ಟೆಕ್ಸ್ಟ್' ಇಟ್ಟು, ಅಂಕಿ ಕೀಬೋರ್ಡ್ ಬರುವಂತೆ ಇನ್‌ಪುಟ್‌ಮೋಡ್ 'ನ್ಯೂಮೆರಿಕ್' ಕೊಡಿ.

ಐಎಫ್‌ಎಸ್‌ಸಿ ಕೋಡಿನ ತಾಪತ್ರಯ ಬೇರೆ. ಅದರಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಬಿದ್ದರೆ ಕೆಂಪಕ್ಷರದಲ್ಲಿ ಗದರುವುದೇಕೆ? ಸದ್ದಿಲ್ಲದೆ ಸೊನ್ನೆ ಮಾಡಿ. ಕೋಡ್ ಮುಗಿದ ಕೂಡಲೇ ಬ್ಯಾಂಕು, ಶಾಖೆಯ ಹೆಸರು ಕೆಳಗೆ ಕಾಣಲಿ: ನೆನಪಿಸಿಕೊಳ್ಳುವುದಕ್ಕಿಂತ ಗುರುತಿಸುವುದು ಸುಲಭ. ಪೆಟ್ಟಿಗೆಯೊಳಗಿನ ಮಸುಕು ಬರಹವನ್ನೇ ಲೇಬಲ್ ಮಾಡಬೇಡಿ. ಟೈಪಿಸಿದೊಡನೆ ಅದು ಮಾಯ, ಇಲ್ಲಿ ಏನು ಬರೆಯಬೇಕಿತ್ತು ಎಂಬುದೇ ತಿಳಿಯದು.

ತಪ್ಪನ್ನು ಟೈಪಿಸುತ್ತಿರುವಾಗಲೇ ತೋರಿಸದೆ, ಪೆಟ್ಟಿಗೆ ಬಿಟ್ಟು ಮುಂದೆ ಹೋದಾಗ ತೋರಿಸಿ. 'ತಪ್ಪು ಮಾಹಿತಿ' ಎಂದರೆ ಯಾರಿಗೂ ಏನೂ ತಿಳಿಯದು. '11 ಅಕ್ಷರ ಬೇಕು, 10 ಇವೆ' ಅನ್ನಿ. ತುಂಬಿದ್ದನ್ನಂತೂ ಅಳಿಸಲೇಬೇಡಿ.

ಗುಂಡಿಯ ವಿಚಾರ: ದೊಡ್ಡದಾಗಿ, ಹತ್ತಿರದಲ್ಲಿದ್ದರೆ ಬೇಗ ಮುಟ್ಟಬಹುದೆಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದರು. ಆಂಡ್ರಾಯ್ಡ್ ಹೇಳುವ ಕನಿಷ್ಠ ಅಳತೆ 48 ಡಿಪಿ (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆಯ ಘಟಕ). ಕನ್ನಡಕ್ಕೆ ಎತ್ತರವನ್ನು ಅಷ್ಟಕ್ಕೇ ಕಟ್ಟಿಹಾಕಿದರೆ ಒತ್ತಕ್ಷರ ಕತ್ತರಿಸಿಹೋದೀತು. 'ರಾಷ್ಟ್ರ', 'ಸ್ತ್ರೀ' ಹಾಕಿ ನೋಡಿ.

'ಕಳಿಸಿ' ಒತ್ತಿದ 0.1 ಸೆಕೆಂಡಿನೊಳಗೆ ಗುಂಡಿ ಬದಲಾಗಬೇಕು: 'ಕಳಿಸಲಾಗುತ್ತಿದೆ…' ಎಂದು ಬರಲಿ, ಮತ್ತೆ ಒತ್ತಲಾಗದಿರಲಿ. ಒಂದು ಸೆಕೆಂಡ್ ದಾಟಿಯೂ ಸುಮ್ಮನಿದ್ದರೆ ಬೆರಳು ಇನ್ನೊಮ್ಮೆ ಒತ್ತುತ್ತದೆ, ಹಣ ಎರಡು ಸಲ ಹೋಗಬಹುದು. ಪರದೆಯನ್ನೊಂದೇ ನಂಬದೆ, ಒಂದೇ ವಹಿವಾಟು ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಕೂಡ ತಿರಸ್ಕರಿಸಲಿ.

ಮೊದಲೇ ಟಿಕ್ ಹಾಕಿಟ್ಟ ದೇಣಿಗೆ, ವಿಮೆ ಬೇಡ. ಇದ್ದದ್ದನ್ನು ಬದಲಿಸದ ಮನಸ್ಸಿನ ಸೋಮಾರಿತನದ ದುರ್ಬಳಕೆ ಅದು. 2023ರ ನವೆಂಬರ್‌ನಲ್ಲಿ ಭಾರತ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಹೆಸರಿಸಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ (ಬಳಕೆದಾರರನ್ನು ದಾರಿ ತಪ್ಪಿಸುವ ವಿನ್ಯಾಸಗಳಲ್ಲಿ), ಕೇಳದೆ ಬಿಲ್ಲಿಗೆ ಸೇರಿಸುವುದೂ ಒಂದು.